ಕಡೀಬಂಡಿಯವರ ಎತ್ತಿಗೆ ಗೆಜ್ಜೆ ಇಲ್ಲ

ಜನವರಿ 6, ಸೋಮವಾರ

ಬೆಳಿಗ್ಗೆ ಮೊದಲು ಬಂದದ್ದು ಮೆಣಸಿನಕಾಯಿಯವರ ಮದುವೆ ಕಾರ್ಡು. ಆಮೇಲೆ ಉಳ್ಳಾಗಡ್ಡಿಯವರ ಗೃಹಪ್ರವೇಶ. ಮಧ್ಯಾಹ್ನ ಹುರಕಡ್ಲಿಯವರ ಮಗುವಿನ ಬರ್ತ್‌ಡೇ ಬ್ಯಾನರ್. ದಾಂಡೇಲಿಯಲ್ಲಿ ನಾನು ನಡೆಸುತ್ತಿರುವುದು ಪ್ರಿಂಟಿಂಗ್ ಅಂಗಡಿಯೋ ಕಿರಾಣಿ ಅಂಗಡಿಯೋ, ನನಗೇ ಅನುಮಾನ. ಫ್ಲೆಕ್ಸ್ ಮಶಿನ್ ಮತ್ತೆ ಕೈಕೊಟ್ಟಿತು. ಕರೆಂಟಿನ ಮಾತು ಬೇಡ.

ಝೆರಾಕ್ಸಿಗೆ ಬಂದ ಕಾಲೇಜು ಹುಡುಗಿ ಕಾರ್ಡು ನೋಡಿ, "ಇದೆಂಥಾ ಅಡ್ಡೆಸರ್ರೀ ಅಕ್ಕಾ!" ಅಂತ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಒಳಗೊಳಗೆ ಸಿಟ್ಟು. ಮೆಣಸಿನಕಾಯಿಗೆ ಖಾರವಾದರೂ ಇದೆ. ಉಳ್ಳಾಗಡ್ಡಿ ಇಲ್ಲದೆ ಒಗ್ಗರಣೆ ಆಗುವುದಿಲ್ಲ. ನನ್ನ ತವರಿನ ಅಡ್ಡಹೆಸರು ನೋಡು — ಕಡೀಬಂಡಿ. ಕೊನೆಯ ಬಂಡಿ! ಯಾರಾದರೂ ಬೇಕು ಅಂತ ಇಟ್ಟುಕೊಳ್ಳುವ ಹೆಸರಾ ಇದು?

ಹಳಿಯಾಳದ ಶಾಲೆಯಲ್ಲಿ ಒಂದು ದಿನ ಬಸ್ಸು ತಡವಾಗಿ ಓಡೋಡಿ ಹೋದಾಗ ಮಾಸ್ತರರು ಬಾಗಿಲಲ್ಲೇ, "ಬರ್ರಿ ಕಡೀಬಂಡಿಯವ್ರ, ಮನೆತನದ ಹೆಸರ ಉಳಿಸಿದ್ರಿ" ಅಂದಿದ್ದರು. ಅವತ್ತಿನಿಂದ ಶಾಲೆ ಬಿಡುವವರೆಗೆ ನಾನು 'ಲಾಸ್ಟ್ ಬಂಡಿ'. ಮದುವೆಯಾಗಿ ಸುನಂದಾ ಬೆಲ್ಲದ ಆದೆ. ತವರು ಬಿಡುವಾಗ ಎಲ್ಲರಂತೆ ಅತ್ತೆ. ಅಡ್ಡಹೆಸರು ಬಿಡುವಾಗ ಮಾತ್ರ ಒಂದು ಹನಿ ಬರಲಿಲ್ಲ.

ನಮ್ಮ ಮನೆಯವರಿಗೆ ಬಿ ಶಿಫ್ಟ್. ಮಿಲ್ಲಿನಿಂದ ಬರುವುದು ತಡ. ಝುಣಕ ಮಾಡಿ ಮುಚ್ಚಿಟ್ಟಿದ್ದೇನೆ.

ಜನವರಿ 8

ದುಂಡೇಶ ಬಂದಿದ್ದ. ನಮ್ಮೂರಿನವನೇ. ಈ ವರ್ಷ ಉಳವಿ ಪಾದಯಾತ್ರೆ ಕಮಿಟಿಗೆ ಹೊಸ ಕಾರ್ಯದರ್ಶಿ. ಭಾರತ ಹುಣ್ಣಿಮೆಗೆ ಮುಂಚೆ ನಮ್ಮ ಕಡೆಯ ರೈತರು ಚಕ್ಕಡಿ ಹೂಡಿ ದಾಂಡೇಲಿ ದಾಟಿ, ಕಾಡಿನ ದಾರಿ ಹಿಡಿದು ಉಳವಿಗೆ ಹೋಗುತ್ತಾರಲ್ಲ, ಅದರ ಬ್ಯಾನರ್ ಬೇಕಂತೆ.

"ಮ್ಯಾಲ ಉಳವಿ ಬಸಣ್ಣನ ಫೋಟೋ ಅಕ್ಕಾ, ಕೆಳಗ ಬಂಡಿ ಹೊಂಟ ಸಾಲಿನಂಗ ಯಜಮಾನ್ರ ಹೆಸರು."

ಕೊನೆಯ ಹೆಸರು ಓದುವ ಅಗತ್ಯವೇ ಇರಲಿಲ್ಲ. ಉಳವಪ್ಪ ಕಡೀಬಂಡಿ. ನನ್ನಪ್ಪ. ಅವನಪ್ಪನೂ ಕೊನೆ. ಅವನಜ್ಜನೂ ಕೊನೆ. ಎಲ್ಲರ ಎತ್ತಿಗೂ ಕೊರಳ ತುಂಬ ಗೆಜ್ಜೆ, ಕೋಡಿಗೆ ಬಣ್ಣ, ಬೆನ್ನಿಗೆ ಜೂಲು. ನಮ್ಮ ಎತ್ತಿನ ಕೊರಳು ಬರಿದು. ಎಲ್ಲರ ಬಂಡಿಯಲ್ಲೂ ಹೆಂಗಸರು, ಮಕ್ಕಳು, ಮಾದಲಿಯ ಡಬ್ಬಿ. ನಮ್ಮ ಬಂಡಿ ಖಾಲಿ. ಒಂದು ಹಳೆಯ ಗಾಲಿ, ಒಂದು ದಪ್ಪ ತೊಲೆ, ಹಗ್ಗದ ಸುರುಳಿ, ಎರಡು ಕೌದಿ. ಅಷ್ಟೇ. "ಬಂಡಿ ಖಾಲಿ ಐತಲ್ಲಪ್ಪಾ, ನನ್ನೂ ಕರಕೊಂಡು ಹೋಗು" ಅಂತ ಹೊಸ್ತಿಲಲ್ಲಿ ಕೂತು ಅತ್ತ ವರ್ಷಗಳೆಷ್ಟೋ. ಅಪ್ಪ ತಲೆ ಸವರಿ ಹೋಗಿಬಿಡುತ್ತಿದ್ದ. ಮುತ್ತಜ್ಜನ ಕಾಲದಲ್ಲಿ ಸೋತ ಎತ್ತು ಇದ್ದಿರಬೇಕು, ಹಿಂದೆ ಬಿದ್ದವರು ಹಿಂದೆಯೇ ಉಳಿದೆವು. ಇದು ನನ್ನ ತೀರ್ಮಾನ.

ಇವತ್ತು ಒಂದು ಯೋಚನೆ ಬಂತು. ಬಂದದ್ದೇ ತಡ, ಹೇಳಿಯೂ ಬಿಟ್ಟೆ.

"ದುಂಡೇಶಾ, ಬ್ಯಾನರ್ ನನ್ನ ಸೇವಾ ಅಂತ ತಿಳಕೋ. ಈ ಸಲ ನಮ್ಮಪ್ಪನ ಬಂಡಿ ಎಲ್ಲಾರ್ಕಿಂತ ಮುಂದ ಹೋಗ್ಲಿ."

"ಕಾಕಾ ಒಪ್ಪತಾನೇನಕ್ಕಾ?"

"ಅದನ್ನ ನಾ ನೋಡ್ಕೋತೇನಿ."

ಅವನು ತಲೆ ಕೆರೆದುಕೊಂಡ. ಬೇಡ ಅನ್ನಲು ಕಾರಣ ಸಿಗಲಿಲ್ಲ ಅಂತ ಕಾಣುತ್ತದೆ. ಹಳೆಯ ಕಮಿಟಿಯ ಹಿರಿಯರೆಲ್ಲ ಈಗ ಟ್ರ್ಯಾಕ್ಸ್‌ನಲ್ಲಿ ನೇರ ಉಳವಿಗೇ ಹೋಗುತ್ತಾರೆ. ಕೇಳುವವರು ಯಾರು?

ಅವನು ಹೋದ ತಕ್ಷಣ ಹೆಸರುಗಳ ಸಾಲು ತಿರುಗಿಸಿದೆ. ಉಳವಪ್ಪ ಕಡೀಬಂಡಿ — ಮೇಲೆ. ದಪ್ಪಕ್ಷರ. ಕೆಂಪು. ಸ್ಕ್ರೀನಿನಲ್ಲಿ ಎಷ್ಟು ಹೊತ್ತು ನೋಡಿದೆನೋ.

ಜನವರಿ 14, ಸಂಕ್ರಾಂತಿ

ತವರಿಗೆ ಹೋಗಿ ಬಂದೆ. ಕಬ್ಬಿನ ಕಟಾವು ಜೋರು, ರಸ್ತೆ ತುಂಬ ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರು, ಬಸ್ಸು ಹಳಿಯಾಳ ಮುಟ್ಟುವಷ್ಟರಲ್ಲಿ ಸಾಕುಬೇಕಾಯಿತು. ತಮ್ಮ ರುದ್ರೇಶ ಗದ್ದೆಯಲ್ಲೇ ಇದ್ದ. ಕಟಾವು ಬಿಟ್ಟು ಈ ಸಲ ಉಳವಿಗೆ ಬರಲಾಗುವುದಿಲ್ಲವಂತೆ. "ನಾ ಹೋಗ್ತೇನಿ ಅಪ್ಪನ ಜೋಡಿ" ಅಂದೆ. ಅಂಗಡಿ ನಾಲ್ಕು ದಿನ ಮುಚ್ಚಿದರೆ ಯಾರ ಮದುವೆಯೂ ನಿಲ್ಲುವುದಿಲ್ಲ.

ಅಪ್ಪ ಹಿತ್ತಲಲ್ಲಿ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ. ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ, ಆದರೂ ಬಂಡಿಯ ಕೆಲಸ ಇನ್ನೊಬ್ಬರಿಗೆ ಬಿಡುವುದಿಲ್ಲ. ಸುದ್ದಿ ಹೇಳಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ.

"ಮತ್ತ ಕಡೀಗ್ಯಾರು?" ಅಂದ.

"ಸಾಲಂದ ಮ್ಯಾಲ ಯಾರರ ಒಬ್ರು ಇದ್ದ ಇರ್ತಾರಲ್ಲಪ್ಪಾ. ಜಲ್ಮೆಲ್ಲಾ ಹಿಂದನ ಹೋಗೀದಿ. ಒಂದ ಸಲ ನನ್ನ ಸಲುವಾಗಿ ಮುಂದ ಹೋಗು."

ಸುಮ್ಮನೆ ಗಾಲಿ ತಿರುಗಿಸಿದ. ಅದು ತಿರುಗಿ ತಿರುಗಿ ನಿಲ್ಲುವವರೆಗೆ ನೋಡಿದ. ಆಮೇಲೆ, "ಹೂಂ. ನಿನ್ನ ಮನಸಿಗೆ ಹಂಗ ಇದ್ರ ಹಂಗ ಆಗ್ಲಿ ತಗೋ."

ಹೋಳಿಗೆ ಬಡಿಸುವಾಗ ಅವ್ವ — ಶಿವಗಂಗವ್ವನ ಬಾಯಿ ಸುಮ್ಮನಿರುವುದಲ್ಲ — "ಕಡೀಗೆ ಹೋಗೂದಕ್ಕ ಒಂದ ಕಾರಣ ಐತಿ ಮಗಳ" ಅಂತ ಶುರು ಮಾಡಿದಳು. "ಗೊತ್ತೈತಿ ಬಿಡವ್ವಾ, ಸೋತ ಎತ್ತು" ಅಂದೆ. ಅವಳ ಮುಖ ಕೆಂಪಾಯಿತು. "ನಿಮ್ಮಪ್ಪ ನಿನಗ ಯಾವತ್ತರ ಬ್ಯಾಡ ಅಂದಾನೇನು? ಅಂವ ಅನ್ನೂದಿಲ್ಲ. ನೀನ ತಿಳಕೋಬೇಕು." ಅಷ್ಟು ಹೇಳಿ ಒಳಗೆ ಹೋದಳು. ಹಬ್ಬದ ದಿನ ಜಗಳ ಬೇಡ ಅಂತ ನಾನೂ ಸುಮ್ಮನಾದೆ.

ಬರುವಾಗ ಹಳಿಯಾಳ ಪೇಟೆಯಲ್ಲಿ ಎರಡು ಗೆಜ್ಜೆಸರ ಕೊಂಡೆ. ಹಿತ್ತಾಳೆಯದು. ಕೈಗೆತ್ತಿಕೊಂಡರೆ ಇಡೀ ಅಂಗಡಿ ಝಲ್ ಅಂದಿತು.

ಫೆಬ್ರವರಿ 6, ಗುರುವಾರ

ಹೊರಟೆವು! ನಾವೇ ಮುಂದೆ!

ಎತ್ತುಗಳಿಗೆ ಗೆಜ್ಜೆಸರ ನಾನೇ ಕಟ್ಟಿದೆ. ಮೊದಲು ಎರಡೂ ಬೆದರಿ ತಲೆ ಕೊಡವಿದವು. ಅವಕ್ಕೂ ಹೊಸದು. ಆಮೇಲೆ ತಮ್ಮ ಹೆಜ್ಜೆಗೆ ತಾವೇ ಸದ್ದು ಮಾಡುತ್ತ ಏನು ಠೀವಿ! ಊರ ಅಗಸೆ ಬಾಗಿಲಲ್ಲಿ ಹೆಂಗಸರು ನೀರು ಹಾಕಿದರು, ಕಾಯಿ ಒಡೆದರು, ಹರ ಹರ ಮಹಾದೇವ ಅಂದರು. ಯಾರೋ ವಿಡಿಯೋ ಮಾಡಿದರು. ಬಿಳಿ ಅಂಗಿ, ಹಸಿರು ರುಮಾಲು, ಕೈಯಲ್ಲಿ ಹಗ್ಗ ಹಿಡಿದು ಸಾಲಿನ ಮುಂದೆ ನನ್ನಪ್ಪ. ಮಾಸ್ತರರು ಇದ್ದಿದ್ದರೆ ಕರೆದು ತೋರಿಸುತ್ತಿದ್ದೆ.

ಖಾಲಿ ಬಂಡಿಯಲ್ಲಿ ಕೂರಲು ಹೋದೆ. ಅಪ್ಪ ಬೇಡ ಅನ್ನಲಿಲ್ಲ. ನನ್ನ ಮುಖ ನೋಡಿದ ಅಷ್ಟೇ. ಇಳಿದು ನಡೆದೆ.

ಒಂದೇ ಒಂದು ಬೇಸರ. ಅಪ್ಪ ದಾರಿಯುದ್ದಕ್ಕೂ ತಿರುಗಿ ತಿರುಗಿ ಹಿಂದೆ ನೋಡುತ್ತಿದ್ದ. ಮುಂದೆ ನೋಡಿ ಹೋಗು ಮಾರಾಯ ಅಂತ ಹೇಳಬೇಕು ಅನ್ನಿಸಿತು.

ಫೆಬ್ರವರಿ 7, ಸಂಜೆ. ಮೌಳಂಗಿ

ಹೊಳೆದಂಡೆಯಲ್ಲಿ ಬಿಡಾರ. ಎತ್ತುಗಳು ಕಾಳಿ ನದಿಯಲ್ಲಿ ನಿಂತು ನೀರು ಕುಡಿಯುತ್ತಿವೆ. ಆಚೆ ಇಕೋ ಪಾರ್ಕಿನ ಕಡೆಯಿಂದ ಪ್ರವಾಸಿ ಮಕ್ಕಳ ಕಿರುಚಾಟ. ನಮ್ಮ ಮನೆಯವರು ರಾತ್ರಿ ಶಿಫ್ಟಿಗೆ ಮುಂಚೆ ಗಾಡಿ ಹತ್ತಿ ಬಂದು ಖಾರಬುಂದಿ ಕೊಟ್ಟು, "ಫಸ್ಟ್ ಬಂಡಿ ಮೇಡಂ ಅವ್ರಿಗೆ ನಮಸ್ಕಾರ್ರೀ" ಅಂತ ಚಾಷ್ಟಿ ಮಾಡಿ ಹೋದರು.

ಊಟದ ಹೊತ್ತಿಗೆ ಒಂದು ವಿಚಿತ್ರ. ಅಡುಗೆ ಆಗಿ ಎಷ್ಟೋ ಹೊತ್ತಾದರೂ ಯಾರೂ ತಾಟು ಹಾಕುತ್ತಿಲ್ಲ. ದುಂಡೇಶ ಸುಮ್ಮನೆ ಅಡ್ಡಾಡುತ್ತಿದ್ದ. ಯಾಕೆ ಅಂದೆ.

"ಪ್ರತಿ ವರ್ಷ ಕಾಕಾನ ಬಂಡಿ ಕಂಡ ಕೂಡ್ಲೆ 'ಕಡೀ ಬಂಡಿ ಬಂತೂ' ಅಂತ ಒದರ್ತಿದ್ವಿರೀ. ಅಲ್ಲೀತನಕ ಯಾರೂ ತುತ್ತ ಮುಟ್ಟೂದಿಲ್ಲ. ಈಗ ಕಾಕಾ ಮೊದ್ಲ ಬಂದು ಕುಂತಾನ. ಯಾವಾಗ ಬಡಸಬೇಕು ಅನ್ನೂದ ತಿಳೀವಲ್ದು."

ಕೊನೆಗೆ ಯಾರೋ ಹಸಿವು ತಡೆಯದೆ ಕೂತರು, ಉಳಿದವರೂ ಕೂತರು. ಅಪ್ಪ ಕೂರಲಿಲ್ಲ. ರಸ್ತೆಯ ಬದಿಗೆ ನಿಂತಿದ್ದ. ಹಿಂದಿನ ಬಂಡಿಗಳೆಲ್ಲ ಒಂದೊಂದಾಗಿ ಬಂದು ಸೇರಿದ ಮೇಲೆ ಕೈ ತೊಳೆದ. ಅಷ್ಟರಲ್ಲಿ ರೊಟ್ಟಿ ತಣ್ಣಗಾಗಿತ್ತು, ಪಲ್ಯ ತಳ ಕಂಡಿತ್ತು.

ಇದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಜನ ನಮ್ಮಪ್ಪನಿಗಾಗಿ ಹಸಿದು ಕಾಯುತ್ತಿದ್ದರಾ? ಪ್ರತಿ ವರ್ಷ?

ಫೆಬ್ರವರಿ 8, ಬೆಳಿಗ್ಗೆ

ಗಡಿಬಿಡಿ. ಮುಂಡಗೋಡ ಕಡೆಯ ಮಾಲವ್ವನ ಬಂಡಿ ಈಗಷ್ಟೇ ದಾಂಡೇಲಿ ಮುಟ್ಟಿದೆಯಂತೆ, ನಮ್ಮ ಸಾಲಿನ ಹಿಂದೆ ಬಂದು ಸೇರುತ್ತದಂತೆ. ದುಂಡೇಶ ಬೈಕಿನಲ್ಲಿ ಹೋಗಿ ನೋಡಿ ಬಂದು ಹೇಳಿದ. ಅಪ್ಪನಿಗೆ ಪರಿಚಯದವಳು. "ಹಿಂದ ಅದಾಳೇನು?" ಅಂತ ಎರಡೆರಡು ಸಲ ಕೇಳಿದ. ಇವತ್ತು ಪೋಟೋಲಿ ದಾಟಬೇಕು. ಏರು ಹೆಚ್ಚು. ನೊಗ ಕಟ್ಟುತ್ತಿದ್ದಾರೆ, ಹೊರಡ—

ಫೆಬ್ರವರಿ 9, ಮಧ್ಯಾಹ್ನ

ನಿನ್ನೆ ರಾತ್ರಿ ಬರೆಯಲಾಗಲಿಲ್ಲ. ಬರೆಯುವ ಮುಖವೂ ಇರಲಿಲ್ಲ. ಇವತ್ತು ಬಿಡಾರ ಇಲ್ಲೇ, ಪೋಟೋಲಿ ಆಚೆ. ಯಾಕೆ ಅಂತ ಮೊದಲಿಂದ ಬರೆಯುತ್ತೇನೆ.

ನಿನ್ನೆ ಸಂಜೆ ಬಿಸಿಲಿರುವಾಗಲೇ ಬಂದು ಮುಟ್ಟಿದೆವು, ಎಲ್ಲರಿಗಿಂತ ಮುಂದೆ. ಫೋನಿಗೆ ನೆಟ್‌ವರ್ಕ್ ಇಲ್ಲ. ಹಿಂದಿನ ಬಂಡಿಗಳು ಬಂದವು. ಅಡುಗೆ ಆಯಿತು. ಈ ಸಲ ದುಂಡೇಶನೇ, "ಎಲ್ಲಾರೂ ಬಂದಂಗಾತು, ಕುಂಡರ್ರಿ" ಅಂದ. ನಾನು ಅಪ್ಪನಿಗೆ ತಾಟು ಒಯ್ದು ಕೊಟ್ಟೆ. ರಸ್ತೆಯ ಬದಿಗೆ ನಿಂತೇ ಇದ್ದ.

"ಮಾಲವ್ವ ಬಂದಿಲ್ಲ" ಅಂದ.

"ಬರ್ತಾರ ಬಿಡ್ರಿ ಕಾಕಾ" ಅಂತ ದುಂಡೇಶ ಅಲ್ಲಿಂದಲೇ ಕೂಗಿದ.

ಅಪ್ಪ ದನಿ ಏರಿಸಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ನಿನ್ನೆ ಕೇಳಿದೆ. "ಬರ್ತಾರ ಅಂತ ಹೇಳಾಕ ನೀ ಹಿಂದ ಇದ್ದೇನು? ಯಾರಿದ್ರು ಹಿಂದ? ಯಾರ ನೋಡ್ಯಾರ?"

ನಾನು ನೆಲ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಇರಬೇಕಾದವನನ್ನು ನಾನು ದಪ್ಪಕ್ಷರದಲ್ಲಿ ಮುಂದೆ ತಂದು ನಿಲ್ಲಿಸಿದ್ದೆ.

ಅಪ್ಪ ತಾಟು ಕೆಳಗಿಟ್ಟ. ಎತ್ತುಗಳನ್ನು ಮತ್ತೆ ಹೂಡಿದ. ಹೂಡುವ ಮುಂಚೆ ಎರಡೂ ಗೆಜ್ಜೆಸರ ಬಿಚ್ಚಿ ನನ್ನ ಕೈಯಲ್ಲಿಟ್ಟ. ಸಿಟ್ಟಿನಿಂದಲ್ಲ. ಮೆತ್ತಗೆ. ನಾನೂ ಹೊರಟೆ. ದುಂಡೇಶ ಬ್ಯಾಟರಿ ಹಿಡಿದು ಬರುತ್ತೇನೆಂದ. "ನೀ ಇಲ್ಲೇ ಇರು, ಮಂದೀನ ನೋಡ್ಕೋ" ಅಂದ ಅಪ್ಪ.

ಬಂದ ದಾರಿಯಲ್ಲೇ ಹಿಂದಕ್ಕೆ. ಸಾಗವಾನಿ ಕಾಡು, ಬಿಸಿಲು ತುದಿಯೆಲೆಗೆ ಏರಿತ್ತು. ಸ್ವಲ್ಪ ದೂರ ಹೋಗುವುದು, ಎತ್ತು ನಿಲ್ಲಿಸುವುದು, ತಲೆ ಓರೆ ಮಾಡಿ ಕೇಳುವುದು. ಮತ್ತೆ ಹೋಗುವುದು. ನಾನು ಹೆದರಿಕೆ ತಡೆಯದೆ ಮಾತಾಡಿದೆ — ಗೆಜ್ಜೆ ಯಾಕೆ ಬಿಚ್ಚಿದೆ ಅಂತ.

"ಗೆಜ್ಜಿ ಕಟ್ಟಿದ್ರ ನಮ್ಮ ಸಪ್ಪಳ ನಮಗ ಕೇಳ್ತೈತಿ ಮಗಳ. ಹಿಂದಿನವರ ಕೂಗು ಕೇಳೂದಿಲ್ಲ."

ಇಷ್ಟೇ. ಇಷ್ಟು ವರ್ಷ ಬಡತನ ಅಂದುಕೊಂಡಿದ್ದೆ.

ಏರಿನ ತಿರುವಿನಲ್ಲಿ ಕಂಡರು. ಬಂಡಿ ಒಂದು ಕಡೆ ವಾಲಿತ್ತು, ಅಚ್ಚು ಮುರಿದು ಗಾಲಿ ಕಳಚಿ ಗಟಾರದಲ್ಲಿ. ಒಂದು ಎತ್ತು ಮುಂಗಾಲು ಎತ್ತಿ ನಿಂತಿತ್ತು, ಗೊರಸಿನಿಂದ ರಕ್ತ. ಮಗ ಸುಭಾಸ ರಸ್ತೆಗೆ ಕಣ್ಣು ನೆಟ್ಟಿದ್ದ. ಮಾಲವ್ವ ಮಾತ್ರ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು, ಸ್ವಂತ ಕಟ್ಟೆಯ ಮೇಲೆ ಕೂತವಳ ಹಾಗೆ.

"ಬಾ ಉಳವಪ್ಪಾ. ಯಾಕ ಇಷ್ಟು ತಡಾ ಮಾಡ್ದಿ? ಎತ್ತಿಗೆ ಆರಾಮ ಇರ್ಲಿಲ್ಲೇನು?"

ಆಮೇಲೆ ಕಣ್ಣು ಕಿರಿದು ಮಾಡಿದಳು. "ಇದೇನೋ? ಮುಂದಿಂದ ಬಂದಿ?"

ಸುಭಾಸ ತಡೆಯಲಾರದೆ ಹೇಳಿದ: "ಮಟಮಟ ಮಧ್ಯಾಹ್ನ ಮುರದೈತ್ರಿ ಕಾಕಾ. ಬ್ಯಾರೆ ಊರಿನ ಸಾಲಿನ ಬಂಡಿಯವ್ರು ಹಾದು ಹೋಗೂವಾಗ ನಿಲ್ತೇವಿ ಅಂದ್ರು. ಇಕಿ ಕಳಿಸಿದ್ಲು. ಆಮ್ಯಾಲ ಒಂದ ಟ್ರ್ಯಾಕ್ಸ್ ನಿಂತ್ರಿ, ಹತ್ತ ಅಜ್ಜಿ ಅಂದ್ರು. ಅದನ್ನೂ ಕಳಿಸಿದ್ಲು. 'ನಮ್ಮ ಹಿಂದ ಕಡೀಬಂಡಿ ಐತಿ, ನೀವು ಹೋಗ್ರಿ' ಅಂತ. ನಾ ಬಡಕೊಂಡೆ, ಕೇಳಲಿಲ್ಲ."

"ಯಾಕ ಕೇಳ್ಬೇಕು?" ಅಂದಳು ಮಾಲವ್ವ. "ಕಡೀಬಂಡಿ ಇರೂದ ಹಿಂದಲ್ಲೇನು?"

ಅಪ್ಪ ಕೈ ಮುಗಿದ. "ಈ ಸಲ ಸ್ವಲ್ಪ ಅದಲಬದಲ ಆತವ್ವಾ. ನಂದ ತಪ್ಪು."

ನನ್ನ ಹೆಸರು ಎತ್ತಲಿಲ್ಲ. "ಅಪ್ಪಂದಲ್ಲ ಅಜ್ಜಿ, ನಂದು. ನಾನ ಮುಂದ ಹಾಕಿಸಿದೆ" ಅಂತ ಅಂದುಬಿಟ್ಟೆ. ಮಾಲವ್ವ ನನ್ನನ್ನು ಕಾಲಿಂದ ತಲೆವರೆಗೆ ನೋಡಿದಳು. "ಉಳವಪ್ಪನ ಮಗಳೇನು? ಹೌದಾ? ಹಿಡಿ ಹಂಗಾರ, ಆ ತೊಲಿ ಹಿಡಿ" ಅಂದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಖಾಲಿ ಬಂಡಿಯ ಒಂದೊಂದು ಸಾಮಾನಿಗೂ ಆಗ ಅರ್ಥ ಬಂತು. ತೊಲೆ ಕೊಟ್ಟು ವಾಲಿದ ಬಂಡಿ ಎತ್ತಿ ಬದಿಗೆ ಸರಿಸಿದೆವು. ಹಗ್ಗದಲ್ಲಿ ಕುಂಟುವ ಎತ್ತನ್ನು ನಮ್ಮ ಬಂಡಿಯ ಹಿಂದೆ ಕಟ್ಟಿದೆವು. ಕೌದಿ ಹಾಸಿ ಮಾಲವ್ವನನ್ನು ಕೂರಿಸಿದೆವು. ಮುದುಕಿಯನ್ನೂ ಅವಳ ಗಂಟುಮೂಟೆಯನ್ನೂ ಹಿಡಿಸಲು ಜಾಗ ಇರಲಿ ಅಂತಲೇ ಬಂಡಿ ಖಾಲಿ. ಯಾರು ಬೀಳುತ್ತಾರೋ ಗೊತ್ತಿಲ್ಲದೆ, ಬೀಳುವವರಿಗಾಗಿ ಹಳಿಯಾಳದಿಂದ ಜಾಗ ಹಿಡಿದು ತರುವುದು. ಚಿಕ್ಕವಳಿದ್ದಾಗ ನಾನು ಅತ್ತು ಬೇಡಿದ್ದು ಆ ಜಾಗ.

ತೊಲೆ ಎತ್ತುವಾಗ ಅಪ್ಪನ ಮೊಣಕಾಲು ಕಟಕ್ ಅಂದದ್ದು ನನಗೇ ಕೇಳಿಸಿತು. ಏನಿಲ್ಲ ಅಂದ. ಕುಂಟುತ್ತಲೇ ಬಂದ.

ಬಿಡಾರ ಮುಟ್ಟಿದಾಗ ಕತ್ತಲಾಗಿತ್ತು. ರಸ್ತೆಯ ನಡುವೆ ದುಂಡೇಶ ಬ್ಯಾಟರಿ ಹಿಡಿದು ನಿಂತಿದ್ದ. ಅವನ ಹಿಂದೆ ಎಲ್ಲರೂ. ಪಾತ್ರೆಗಳ ಮೇಲೆ ಮುಚ್ಚಳ. ಬಡಿಸಿದ ಅನ್ನವನ್ನು ತಿರುಗಿ ಪಾತ್ರೆಗೆ ಹಾಕಿದ್ದರಂತೆ. ಸಣ್ಣ ಮಕ್ಕಳು ಬಿಟ್ಟು ಒಬ್ಬರೂ ಉಂಡಿರಲಿಲ್ಲ. ನಮ್ಮನ್ನು ನೋಡಿ ದುಂಡೇಶ ದನಿ ಹರಿಯುವ ಹಾಗೆ ಕೂಗಿದ:

"ಕಡೀ ಬಂಡಿ ಬಂತೂ!"

ಆ ಮಾತು ಬಿಡಾರದ ಈ ತುದಿಯಿಂದ ಆ ತುದಿಗೆ ಬಾಯಿಂದ ಬಾಯಿಗೆ ಹೋಯಿತು. ಕಡೀ ಬಂಡಿ ಬಂತು, ಕಡೀ ಬಂಡಿ ಬಂತು. ತಾಟುಗಳ ಸದ್ದು ಶುರುವಾಯಿತು. ಶಾಲೆಯಲ್ಲಿ ಈ ಹೆಸರು ಕೇಳಿ ಅತ್ತವಳು ನಿನ್ನೆಯೂ ಅತ್ತೆ. ಅಳು ಮಾತ್ರ ಬೇರೆ ಇತ್ತು.

ಅದೇ ದಿನ, ಸಂಜೆ

ಸುಭಾಸ, ದುಂಡೇಶ ಇನ್ನಿಬ್ಬರು ಸೇರಿ ಮಾಲವ್ವನ ಬಂಡಿ ತಂದರು. ನಮ್ಮ ಹಳೆಯ ಗಾಲಿ ಅವರಿಗೆ ಹಾಕಿದರು. ಅಚ್ಚಿಗೆ ಪೋಟೋಲಿಯಿಂದ ಬಡಿಗೇರ ಬಂದಿದ್ದಾನೆ. ಅಪ್ಪನ ಮೊಣಕಾಲು ಬಾತಿದೆ. ಅರಿಸಿನ ಸುಣ್ಣ ಬಿಸಿ ಮಾಡಿ ಹಚ್ಚಿದೆ.

ಹಚ್ಚುವಾಗ ಮಾಲವ್ವ ಪಕ್ಕ ಬಂದು ಕೂತಳು. "ನಿಮ್ಮ ಅಡ್ಡೆಸರು ಹೆಂಗ ಬಂತು, ಗೊತ್ತೈತೇನ ನಿನಗ?"

ಸೋತ ಎತ್ತು ಅನ್ನಲು ಬಾಯಿ ಬರಲಿಲ್ಲ. ಇಲ್ಲ ಅಂತ ತಲೆ ಅಲ್ಲಾಡಿಸಿದೆ.

"ನಿಮ್ಮ ಮುತ್ತಜ್ಜ ಎಲ್ಲಾರ್ಕಿಂತ ಮುಂದ ಹೋಗಾಂವ. ಮುಂದ ಅಂದ್ರ, ಅವನ ಧೂಳ ಸುದ್ದಾ ಯಾರಿಗೂ ಸಿಗ್ತಿರಲಿಲ್ಲ. ಜೋಡಿ ಹೋರಿ, ಕೊರಳ ತುಂಬ ಗೆಜ್ಜಿ. ಅವನ ತಂಗೀನ ಮುಂಡಗೋಡ ಕಡೆ ಕೊಟ್ಟಿದ್ರು. ಬಸರಿ ಹೆಂಗಸು, ಹರಕಿ ಐತಿ ಅಂತ ಗಂಡನ ಜೋಡಿ ಹಿಂದಿನ ಬಂಡ್ಯಾಗ ಹೊಂಟಿದ್ಲು. ಬಂಡಿ ಮುರೀತು. ಬ್ಯಾನಿ ಸುರು ಆತು. ಅಣ್ಣಾ ಅಂತ ಕೂಗಿದ್ಲು. ಅಣ್ಣಗ ಗೆಜ್ಜಿ ಸಪ್ಪಳದಾಗ ಏನ ಕೇಳ್ಬೇಕು? ಅಂವ ಹೋಗಿ, ಉಂಡು, ಮಲಗಿದ. ಮುಂಜಾನೆದ್ದು ಎಣಿಸಿದ್ರ ಒಂದ ಬಂಡಿ ಇಲ್ಲ."

ನನ್ನ ಕೈ ಅಪ್ಪನ ಮೊಣಕಾಲ ಮೇಲೆ ನಿಂತಿತ್ತು. ಮಾಲವ್ವ ಮುಂದುವರಿಸಿದಳು:

"ಓಡಿ ಬಂದ. ತಂಗಿ ಬಂಡಿ ಕೆಳಗ ಮಕ್ಕೊಂಡಿದ್ಲು, ಕೂಸು ಎದಿ ಮ್ಯಾಲ. ಇಬ್ರೂ ಉಳದಿದ್ರು, ಬಸಣ್ಣನ ಪುಣ್ಯಾ. ಆ ಕೂಸು ಅಂದ್ರ ನಮ್ಮವ್ವ. ನಿಮ್ಮ ಮುತ್ತಜ್ಜ ಅಲ್ಲೇ ನಿಂತು ಗೆಜ್ಜಿ ಬಿಚ್ಚಿ ಕಾಡಿನಾಗ ಒಗದ. 'ಇನ್ನ ನನ್ನ ಹಿಂದ ಯಾರೂ ಉಳಿಯೂಹಂಗಿಲ್ಲ' ಅಂದ. ಮರು ವರ್ಷದಿಂದ ಕಡೀಗೆ ನಿಂತ. ಮಂದಿ ನಕ್ರು. ಮುಂದ ಹೋಗಾಂವ ಕಡೀಬಂಡಿ ಆದ ಅಂತ ಚಾಷ್ಟಿ ಮಾಡಿದ್ರು. ಊರಾಗ ಹೆಸರ ಬರಕೊಳ್ಳಾಕ ಸರ್ಕಾರದವ್ರು ಬಂದಾಗ, ಅಡ್ಡೆಸರೇನು ಅಂದ್ರ, ತಾನ ಹೇಳಿದ್ನಂತ — ಕಡೀಬಂಡಿ ಅಂತ ಬರಕೋರಿ. ಅದಕ್ಕೂ 'ಮೊದ್ಲ ಏನಿತ್ತು ನಿಮ್ಮ ಹೆಸರು' ಅಂತ ಕೇಳಿದ್ರ, ಮರತೇನಿ ಅಂದ್ನಂತ."

"ಮೊದಲು ಏನಿತ್ತಪ್ಪಾ?" ಅಂತ ಅಪ್ಪನನ್ನು ಕೇಳಿದೆ.

"ಯಾರಿಗ ಗೊತ್ತು? ಯಾರೂ ಕೇಳಿಲ್ಲ" ಅಂದ ಅಪ್ಪ. ಆಮೇಲೆ, "ಬೇಕೂ ಆಗಿಲ್ಲ."

ಮುತ್ತಜ್ಜನ ಫೋಟೋ ಕೂಡ ಇಲ್ಲ ನಮ್ಮ ಮನೆಯಲ್ಲಿ. ಹೆಸರು ಮಾತ್ರ ಇತ್ತು, ಅದನ್ನು ನಾನು ಬಿಟ್ಟು ಖುಷಿಪಟ್ಟಿದ್ದೆ. ಎಂಥ ಮನುಷ್ಯ! ನಕ್ಕವರ ಬಾಯಿಂದಲೇ ಹೆಸರು ತೆಗೆದುಕೊಂಡು ಮಕ್ಕಳು ಮೊಮ್ಮಕ್ಕಳಿಗೆಲ್ಲ ಕಟ್ಟಿ ಹೋದ — ಮರೆಯದ ಹಾಗೆ. ಅವನ ಮೇಲೆ ನನಗೆ ಇವತ್ತು ಹೇಳಲಾರದಷ್ಟು ಅಭಿಮಾನ. ಅದನ್ನು ಒಂದು ಮಾತೂ ಆಡದೆ ಇಷ್ಟು ವರ್ಷ ನಡೆದುಕೊಂಡು ಬಂದ ನನ್ನಪ್ಪನ ಮೇಲೆ ಇನ್ನೂ ಹೆಚ್ಚು.

ಗೆಜ್ಜೆಸರ ಮಾಲವ್ವನ ಎತ್ತಿಗೆ ಕೊಟ್ಟೆ. ಕಾಲು ವಾಸಿಯಾದ ಮೇಲೆ ಕಟ್ಟಲಿ.

ಫೆಬ್ರವರಿ 10, ಬೆಳಿಗ್ಗೆ

ಹೊರಡುವಾಗ ಜಗಳ. ಅಪ್ಪನಿಗೆ ಕಾಲೂರಲು ಆಗುತ್ತಿಲ್ಲ. ಆದರೂ ಬಂಡಿ ಹತ್ತುವುದಿಲ್ಲವಂತೆ. "ಈ ಬಂಡ್ಯಾಗ ನಮ್ಮ ಮನಿಯವ್ರು ಯಾರೂ ಕುಂತಿಲ್ಲ. ನಾ ಕುಂಡ್ರೂದಿಲ್ಲ." ದುಂಡೇಶ ಬೇಡಿಕೊಂಡ. ನಾನು ಬೇಡಿಕೊಂಡೆ. ಕೋಲು ಹಿಡಿದು ನಿಂತೇಬಿಟ್ಟ.

ಮಾಲವ್ವ ಬಂದಳು. "ಯಾರ ಸಲುವಾಗಿ ಐತೋ ಈ ಬಂಡಿ?"

"ಹಿಂದ ಬಿದ್ದವರ ಸಲುವಾಗಿ."

"ಮತ್ತ ನೀ ಈಗ ಏನ ಆಗೀದಿ? ಸುಮ್ನ ಹತ್ತು."

ಅಪ್ಪ ಕೋಲು ಬದಿಗಿಟ್ಟ. ಹತ್ತಿದ. ಅದೇ ಕೌದಿಯ ಮೇಲೆ ಕೂತು, ನಾಚಿಕೆಯಿಂದ ರುಮಾಲನ್ನು ಮುಖಕ್ಕೆ ಎಳೆದುಕೊಂಡ. ಆಮೇಲೆ ಹಗ್ಗ ನನ್ನ ಕೈಗೆ ಕೊಟ್ಟ. ಹೇಗೆ ಹಿಡಿಯಬೇಕು ಅಂತ ಹೇಳಲಿಲ್ಲ. "ಹತ್ತ ಹೆಜ್ಜಿಗೊಮ್ಮೆ ಹಿಂದ ನೋಡು" ಅಂದ, ಅಷ್ಟೇ.

ಬಂಡಿಗಳೆಲ್ಲ ಮುಂದೆ ಹೋದವು. ಕುಂಟುವ ಎತ್ತಿನ ಬದಲು ಎರವಲು ಎತ್ತು ಹೂಡಿಕೊಂಡು ಮಾಲವ್ವನದೂ ಹೋಯಿತು. ಧೂಳು ಇಳಿಯುವವರೆಗೆ ನಿಂತು, ಆಮೇಲೆ ನಾವು.

ಫೆಬ್ರವರಿ 10, ಮಧ್ಯಾಹ್ನ. ಗುಂದದ ಆಚೆ

ಎತ್ತಿಗೆ ನೀರು ತೋರಿಸಲು ನಿಲ್ಲಿಸಿದ್ದೇನೆ. ಅಪ್ಪನಿಗೆ ಜೊಂಪು ಹತ್ತಿದೆ. ಬಂಡಿಯ ಮೂಕಿಗೆ ಒರಗಿ ಬರೆಯುತ್ತಿದ್ದೇನೆ.

ಸ್ವಲ್ಪ ಹಿಂದೆ ಅರಣ್ಯ ಇಲಾಖೆಯ ಗೇಟು ಸಿಕ್ಕಿತು. ಹುಡುಗ ಗಾರ್ಡು. ಮುಂದೆ ಹೋದ ಬಂಡಿಗಳನ್ನು ನೋಡಿ ಬೇಸತ್ತಿದ್ದ.

"ಇನ್ನ ಎಷ್ಟ ಅದಾವ್ರಿ ಅಕ್ಕಾ ಹಿಂದ? ಗೇಟ ಹಾಕ್ಲ್ಯೋ ಬ್ಯಾಡೋ?"

"ಇಲ್ಲ, ಹಾಕ್ಕೋರಿ. ನಾವ ಕಡೀಗೆ."

"ಹೆಸರ ಹೇಳ್ರಿ."

ಬೆಲ್ಲದ ಅಂತ ನಾಲಿಗೆ ತುದಿಗೆ ಬಂದಿತ್ತು. ಇಪ್ಪತ್ತು ವರ್ಷದ ಅಭ್ಯಾಸ. ನಮ್ಮ ಮನೆಯವರು ಒಳ್ಳೆಯವರು, ಬೇಸರ ಮಾಡಿಕೊಳ್ಳುವುದಿಲ್ಲ. "ಸುನಂದಾ ಕಡೀಬಂಡಿ" ಅಂದೆ. ಗಾರ್ಡು ತಲೆ ಎತ್ತಿ, "ಖರೇನ?" ಅಂತ ನಕ್ಕ. "ಖರೇನ" ಅಂದೆ. ರುಮಾಲಿನ ಒಳಗಿಂದ ಅಪ್ಪ ಕೆಮ್ಮಿದ. ಕೆಮ್ಮೋ ನಗುವೋ.

ರಾತ್ರಿ ಉಳವಿ ಮುಟ್ಟುತ್ತೇವೆ. ದುಂಡೇಶ ರಸ್ತೆಗೆ ಬಂದು ನಿಂತಿರುತ್ತಾನೆ. ಎಲ್ಲರೂ ಹಸಿದು ಕಾದಿರುತ್ತಾರೆ, ನನಗೆ ಗೊತ್ತು. ಊರಿಗೆ ಹೋದ ಮೇಲೆ ಅವ್ವನ ಮುಂದೆ ಕೂತು ಮೊದಲು ಹೇಳಬೇಕಾದದ್ದು—

ತಡೆ. ಹಿಂದಿನಿಂದ ಯಾರೋ ಕೂಗಿದ ಹಾಗಾಯಿತು. ತಿರುವಿನ ಆಚೆ. ಎತ್ತುಗಳೂ ಕಿವಿ ನಿಮಿರಿಸಿವೆ. ಗೇಟು ಹಾಕಿದ ಮೇಲೆ ಯಾರು... ಅಪ್ಪ ಎದ್ದು ಕೂತ. ಕೈ ಎತ್ತಿ ಸುಮ್ಮನಿರು ಅಂತ ಸನ್ನೆ ಮಾಡಿದ.

ಹೌದು. ಕೇಳುತ್ತಿದೆ. ಹೆಂಗಸಿನ ದನಿ. ಬಂಡಿ ತಿರುಗಿಸಬೇಕು—